ಕಪ್ಪು ಕಾಯಿಗೆ ಯಾವ ಡಿಫೆನ್ಸ್? ಬೆಲೆ ನೋಡಿ ಆರಿಸಿಕೊಳ್ಳುವ ಬಗೆ

ಚೆಸ್‌ನಲ್ಲಿ ಮೊದಲ ನಡೆ ಬಿಳಿ ಕಾಯಿಯವರದು. ಈ ಒಂದು ನಡೆಯ ಮುನ್ನಡೆಯಿಂದಾಗಿ, ಲಕ್ಷಗಟ್ಟಲೆ ಆಟಗಳ ಫಲಿತಾಂಶವನ್ನು ಕೂಡಿಸಿ ನೋಡಿದಾಗ ಬಿಳಿಗೆ ನೂರರಲ್ಲಿ ಸುಮಾರು 52ರಿಂದ 56 ಅಂಕ ಸಂದಿರುವುದು ಕಾಣುತ್ತದೆ. ಅಂತರ ದೊಡ್ಡದಲ್ಲ. ಆದರೆ ಆಟದ ಮೊದಲ ಹತ್ತು ನಡೆಗಳಲ್ಲಿ ಕಪ್ಪು ಕಾಯಿಯವರು ಬಿಳಿಯವರಷ್ಟು ಸ್ವತಂತ್ರರಲ್ಲ ಎಂಬುದನ್ನು ಅದು ಸ್ಪಷ್ಟವಾಗಿಯೇ ತೋರಿಸುತ್ತದೆ. ನಡುವಣ ನಾಲ್ಕು ಮನೆಗಳ ಮೇಲೆ ಹಿಡಿತ, ಕುದುರೆ ಮತ್ತು ಒಂಟೆಗಳನ್ನು ಬೇಗ ಹೊರತರುವುದು, ರಾಜನನ್ನು ಕ್ಯಾಸ್ಲಿಂಗ್ ಮಾಡಿ ಭದ್ರಪಡಿಸುವುದು ಎಂಬ ಮೂರು ಮೂಲತತ್ವಗಳು ಎರಡೂ ಬಣ್ಣಕ್ಕೆ ಸಮಾನವೇ ಆದರೂ, ಒಂದು ನಡೆ ಹಿಂದಿರುವ ಕಪ್ಪಿಗೆ ಮೂರನ್ನೂ ಏಕಕಾಲಕ್ಕೆ ಪೂರ್ತಿಯಾಗಿ ಸಾಧಿಸುವುದು ಸಾಧ್ಯವಾಗುವುದಿಲ್ಲ. ಯಾವುದೋ ಒಂದನ್ನು ಸ್ವಲ್ಪ ಬಿಟ್ಟುಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳಬೇಕಾಗುತ್ತದೆ. ಬೆಲೆ ಕೇಳದ ಡಿಫೆನ್ಸ್, ಅಂದರೆ ಬಿಳಿಯ ಆರಂಭಕ್ಕೆ ಕಪ್ಪು ಕೊಡುವ ಉತ್ತರದ ಕ್ರಮ, ಒಂದೂ ಇಲ್ಲ. ಹಾಗಾಗಿ, ಕಂಪ್ಯೂಟರ್ ಎಂಜಿನ್ ಯಾವುದಕ್ಕೆ ಎಷ್ಟು ಅಂಕಿ ಕೊಡುತ್ತದೆ, ವಿಶ್ವ ಚಾಂಪಿಯನ್ನರು ಈಗ ಯಾವುದನ್ನು ಆಡುತ್ತಿದ್ದಾರೆ ಎಂದು ನೋಡಿ ಆರಿಸುವುದಕ್ಕಿಂತ, ಯಾವ ಡಿಫೆನ್ಸ್ ಯಾವ ಬೆಲೆ ಕೇಳುತ್ತದೆ, ಆ ಬೆಲೆಯನ್ನು ತೆರುವ ಶಕ್ತಿ ಮತ್ತು ಮನಸ್ಸು ನಮಗಿದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ.

ಈ ಬರಹ ನಿಯಮಗಳನ್ನು ಚೆನ್ನಾಗಿ ತಿಳಿದು, ಶಾಲಾ ಟೂರ್ನಿಗಳಲ್ಲೋ ಕ್ಲಬ್ಬಿನಲ್ಲೋ ಆನ್‌ಲೈನ್ ರ‍್ಯಾಪಿಡ್ ಆಟಗಳಲ್ಲೋ ತೊಡಗಿರುವವರಿಗಾಗಿ. ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ರೇಟಿಂಗ್ 2000 ದಾಟಿದವರ ಅಗತ್ಯಗಳು ಬೇರೆಯೇ. ನಡೆಗಳನ್ನು ಬರೆಯುವಾಗ ಪ್ರತಿ ಅಂಕಿಯ ಮುಂದೆ ಬಿಳಿಯ ನಡೆ ಮೊದಲು, ಕಪ್ಪಿನ ಉತ್ತರ ನಂತರ ಇರುತ್ತದೆ. ಬರೀ ಮನೆಯ ಹೆಸರಿದ್ದರೆ ಅದು ಪದಾತಿಯ ನಡೆ. ಬೋರ್ಡು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಬಿಳಿ ಇ4 ಆಡಿದಾಗ

ರಾಜನ ಮುಂದಿನ ಪದಾತಿ ಎರಡು ಮನೆ ಮುಂದೆ ಬಂದಾಗ ಕಪ್ಪಿಗೆ ಇರುವ ದಾರಿಗಳು ನೋಡಲು ಹಲವಾದರೂ ತಾತ್ವಿಕವಾಗಿ ಐದೇ. ಇ5 ಆಡಿ ನಡುವಣ ಮನೆಯನ್ನು ನೇರವಾಗಿ ಹಿಡಿಯಬಹುದು. ಸಿ5 ಆಡಿ ಪಕ್ಕದಿಂದ ಡಿ4 ಮನೆಯ ಮೇಲೆ ಕಣ್ಣಿಡಬಹುದು. ಇ6 ಅಥವಾ ಸಿ6 ಆಡಿ, ಮುಂದಿನ ನಡೆಯಲ್ಲಿ ಡಿ5ಕ್ಕೆ ಪದಾತಿಯನ್ನು ಬೆಂಬಲದೊಡನೆ ತರಬಹುದು. ಬೆಂಬಲಕ್ಕೆ ಕಾಯದೆ ತಕ್ಷಣವೇ ಡಿ5 ಆಡಬಹುದು. ಅಥವಾ ನಡುಮನೆಗಳನ್ನು ಬಿಳಿಗೇ ಬಿಟ್ಟು, ಅದು ಕಟ್ಟಿದ ರಚನೆಯನ್ನು ದೂರದಿಂದ ಕಾಯಿಗಳ ಮೂಲಕ ಕೆಡವಲು ನೋಡಬಹುದು.

ಇ5 ಎಂಬ ಉತ್ತರ ಎಲ್ಲಕ್ಕಿಂತ ಹಳೆಯದು, ಕಲಿಯುವವರಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವಂಥದ್ದು. ಈ ಒಂದೇ ನಡೆಯಿಂದ ಕಪ್ಪು ಒಂಟೆಗೂ ಮಂತ್ರಿಗೂ ದಾರಿ ತೆರೆಯುತ್ತದೆ, ಡಿ4 ಮನೆಗೆ ಕಾವಲು ಬೀಳುತ್ತದೆ. ಅದರ ಬೆಲೆ ಏನೆಂದರೆ, ಇ5ರಲ್ಲಿ ನಿಂತ ಪದಾತಿ ಎರಡನೆಯ ನಡೆಯಿಂದಲೇ ಬಿಳಿ ಕಾಯಿಗಳ ಗುರಿಯಾಗುತ್ತದೆ ಮತ್ತು ಎಫ್7 ಮನೆಯ ಸುತ್ತ ನಡೆಯುವ ಆರಂಭದ ದಾಳಿಗಳನ್ನು ಎದುರಿಸಲು ಗೊತ್ತಿರಬೇಕಾಗುತ್ತದೆ. ಶಾಲಾ ಟೂರ್ನಿಗಳಲ್ಲಿ ದಿನವೂ ಕಾಣುವ 2. ಮಂತ್ರಿ ಎಚ್5 ಎಂಬ ನಡೆಯನ್ನೇ ನೋಡಿ. ಮಂತ್ರಿಯನ್ನು ಓಡಿಸುವ ಆತುರದಲ್ಲಿ ಕಪ್ಪು ಕೂಡಲೇ ಜಿ6 ಆಡಿದರೆ, ಬಿಳಿ ಮಂತ್ರಿ ಇ5ರ ಪದಾತಿಯನ್ನು ಹೊಡೆದು ಚೆಕ್ ಕೊಡುತ್ತದೆ, ಅಲ್ಲಿಂದಲೇ ಎಚ್8ರ ಆನೆಯ ಮೇಲೂ ಬೀಳುತ್ತದೆ. ಆಟ ಅಲ್ಲಿಗೆ ಮುಗಿದಂತೆಯೇ. ಮೊದಲು ಕುದುರೆಯನ್ನು ಸಿ6ಕ್ಕೆ ತಂದು ಇ5ನ್ನು ಕಾಯಬೇಕು. ಬಿಳಿ 3. ಒಂಟೆ ಸಿ4 ಆಡಿ ಎಫ್7ರ ಮೇಲೆ ಮೇಟ್ ಬೆದರಿಕೆ ಒಡ್ಡಿದಾಗಲೇ ಜಿ6 ಆಡಬೇಕು. ಮಂತ್ರಿ ಎಫ್3ಕ್ಕೆ ಸರಿದು ಮತ್ತೆ ಅದೇ ಬೆದರಿಕೆ ಹಾಕಿದರೆ ಕುದುರೆ ಎಫ್6. ಈಗ ಕಪ್ಪಿನ ಎರಡು ಕುದುರೆಗಳೂ ಹೊರಬಂದಿವೆ, ಬಿಳಿ ಮಂತ್ರಿ ಎರಡು ಸಲ ನಡೆದು ತನ್ನದೇ ಕುದುರೆಯ ಸಹಜ ಮನೆಯಾದ ಎಫ್3ರಲ್ಲಿ ಕುಳಿತಿದೆ. ಮೂಲತತ್ವಗಳು ಅಂಕವಾಗಿ ಬದಲಾಗುವುದು ಹೀಗೆ.

ಗಂಭೀರ ಆಟದಲ್ಲಿ 1. ಇ4 ಇ5 2. ಕುದುರೆ ಎಫ್3 ಕುದುರೆ ಸಿ6 ಆದಮೇಲೆ ಇಟಾಲಿಯನ್ ಆಟದ 3. ಒಂಟೆ ಸಿ4ಕ್ಕೆ ಎರಡು ಉತ್ತರಗಳಿವೆ. ಅವುಗಳ ನಡುವಿನ ಆಯ್ಕೆಯೂ ಬೆಲೆಯ ಪ್ರಶ್ನೆಯೇ. ಕುದುರೆ ಎಫ್6 ಆಡಿದರೆ ಇ4ರ ಮೇಲೆ ಒತ್ತಡ ಬೀಳುತ್ತದೆ. ಆದರೆ ಆ ಕುದುರೆಯೇ ಡಿ8ರ ಮಂತ್ರಿಯಿಂದ ಜಿ5ಕ್ಕೆ ಹೋಗುವ ಕರ್ಣವನ್ನು ಮುಚ್ಚುವುದರಿಂದ ಬಿಳಿ ಕುದುರೆ ನಿರ್ಭಯವಾಗಿ ಜಿ5ಕ್ಕೆ ಬಂದು ಎಫ್7ರ ಮೇಲೆ ಎರಡು ಕಾಯಿಗಳ ದಾಳಿ ಹೂಡಬಲ್ಲದು. ಆಗ ಡಿ5 ಆಡಿ, ಬಿಳಿ ಪದಾತಿ ಡಿ5ರಲ್ಲಿ ಹೊಡೆದ ಮೇಲೆ ಅದನ್ನು ಕುದುರೆಯಿಂದ ಮರಳಿ ಹೊಡೆಯಲು ಹೋಗದೆ, ಸಿ6ರ ಕುದುರೆಯನ್ನು ಎ5ಕ್ಕೆ ಸರಿಸಿ ಒಂಟೆಯನ್ನು ಕೆಣಕಬೇಕು; ಒಂದು ಪದಾತಿ ಹೋಗುತ್ತದೆ, ಬದಲಿಗೆ ಕಾಯಿಗಳ ಚಲನೆ ಸಿಗುತ್ತದೆ. ಈ ತಂಟೆ ಬೇಡವೆನ್ನುವವರು ಮೂರನೆಯ ನಡೆಯಲ್ಲಿ ಒಂಟೆ ಸಿ5 ಆಡಬಹುದು. ಮಂತ್ರಿಯ ಕರ್ಣ ತೆರೆದೇ ಇರುವುದರಿಂದ ಬಿಳಿ ಕುದುರೆ ಆಗ ಜಿ5ಕ್ಕೆ ಬಂದರೆ ಮಂತ್ರಿ ಅದನ್ನು ಸುಮ್ಮನೆ ಹೊಡೆದುಕೊಳ್ಳುತ್ತದೆ. ಮೊದಲ ವರ್ಷದಲ್ಲಿ ಈ ಎರಡನೆಯ ದಾರಿಯೇ ಸಾಕು.

ಸ್ಪ್ಯಾನಿಷ್ ಆಟಕ್ಕೆ, ಅಂದರೆ 3. ಒಂಟೆ ಬಿ5ಕ್ಕೆ, ಎ6 ಎಂಬ ಹಳೆಯ ಉತ್ತರ ಇಂದಿಗೂ ಗಟ್ಟಿ. ಸಿ6ರ ಕುದುರೆಯನ್ನು ಹೊಡೆದು ಇ5ರ ಪದಾತಿಯನ್ನು ಕಬಳಿಸುತ್ತೇನೆ ಎಂದು ಬಿಳಿ ಹೊರಟರೆ, ಡಿ ಪದಾತಿಯಿಂದ ಸಿ6ರಲ್ಲಿ ಮರಳಿ ಹೊಡೆದು, ಬಿಳಿ ಕುದುರೆ ಇ5ರಲ್ಲಿ ಹೊಡೆದ ಕೂಡಲೇ ಮಂತ್ರಿಯನ್ನು ಡಿ4ಕ್ಕೆ ತಂದರೆ, ಆ ಕುದುರೆ ಮತ್ತು ಇ4ರ ಪದಾತಿ ಎರಡೂ ಏಟಿಗೆ ಸಿಗುತ್ತವೆ. 2000ದಲ್ಲಿ ಲಂಡನ್ನಿನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಇದೇ ಸ್ಪ್ಯಾನಿಷ್‌ಗೆ ಬರ್ಲಿನ್ ಡಿಫೆನ್ಸ್ ಎಂಬ ಇನ್ನೊಂದು ಉತ್ತರವನ್ನು ಹಿಡಿದು, ಹದಿನೈದು ಆಟಗಳಲ್ಲಿ ಗ್ಯಾರಿ ಕ್ಯಾಸ್ಪರೋವ್‌ಗೆ ಒಂದು ಗೆಲುವನ್ನೂ ಬಿಡದೆ ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡರು. ಆ ಖ್ಯಾತಿಯನ್ನು ನೋಡಿ ಬರ್ಲಿನ್ ಹಿಡಿಯುವುದನ್ನು ಹೊಸಬರಿಗೆ ನಾನು ಶಿಫಾರಸು ಮಾಡಲಾರೆ. ಅದರ ಮುಖ್ಯ ಮಾರ್ಗದಲ್ಲಿ ಎಂಟನೆಯ ನಡೆಗೇ ಮಂತ್ರಿಗಳು ಬೋರ್ಡಿನಿಂದ ಇಳಿದು, ಕಪ್ಪು ರಾಜ ಕ್ಯಾಸ್ಲಿಂಗ್ ಹಕ್ಕು ಕಳೆದುಕೊಂಡು ಡಿ8ರಲ್ಲಿ ನಿಂತಿರುತ್ತಾನೆ. ಅಂತ್ಯದಾಟದಲ್ಲಿ ನುರಿತವರಿಗಷ್ಟೇ ಅದು ಕೋಟೆ.

ಸಿಸಿಲಿಯನ್ ಬಗ್ಗೆ ಇರುವಷ್ಟು ಆಕರ್ಷಣೆ ಬೇರಾವ ಡಿಫೆನ್ಸ್ ಬಗ್ಗೆಯೂ ಇಲ್ಲ. ಸಿ5 ಆಡಿದ ಮೇಲೆ ಬಿಳಿ ಡಿ4 ಆಡಿದರೆ ಕಪ್ಪು ತನ್ನ ಸಿ ಪದಾತಿಯನ್ನು ಬಿಳಿಯ ಡಿ ಪದಾತಿಗೆ ವಿನಿಮಯ ಮಾಡಿಕೊಳ್ಳುತ್ತದೆ. ಅಂಚಿನತ್ತ ಇರುವ ಪದಾತಿಯನ್ನು ಕೊಟ್ಟು ನಡುಮನೆಯ ಪದಾತಿಯನ್ನು ಪಡೆದಂತಾಗುತ್ತದೆ, ಆನೆಗೆ ಸಿ ಸಾಲು ತೆರೆಯುತ್ತದೆ. ಇದು ನಿಜವಾದ ಲಾಭ. ಆದರೆ ಆ ವಿನಿಮಯಕ್ಕಾಗಿ ಪದಾತಿಗಳ ಮೇಲೆ ನಡೆಗಳು ಖರ್ಚಾಗಿರುತ್ತವೆ. ಸಿಸಿಲಿಯನ್‌ನ ನೈಡಾರ್ಫ್ ಎಂಬ ಮಾರ್ಗದಲ್ಲಿ ಮೊದಲ ಐದು ನಡೆಗಳಲ್ಲಿ ಹೊರಬರುವ ಕಪ್ಪು ಕಾಯಿ ಎಫ್6ರ ಕುದುರೆಯೊಂದೇ, ಉಳಿದೆಲ್ಲ ಪದಾತಿ ನಡೆಗಳು. ಅಷ್ಟರಲ್ಲಿ ಬಿಳಿಯ ಎರಡೂ ಕುದುರೆಗಳು ಹೊರಗಿರುತ್ತವೆ, ರಾಜನ ಮೇಲಿನ ದಾಳಿ ಯಾವ ಕ್ಷಣದಲ್ಲಾದರೂ ಆರಂಭವಾಗಬಹುದು. ನೆನಪಿನ ಭಾರ ದೊಡ್ಡದು, ಒಂದು ನಡೆಯ ಕ್ರಮ ತಪ್ಪಿದರೂ ಶಿಕ್ಷೆ ತಕ್ಷಣದ್ದು. 1985ರಲ್ಲಿ ಮಾಸ್ಕೋದಲ್ಲಿ ಅನಾತೊಲಿ ಕಾರ್ಪೋವ್ ವಿರುದ್ಧದ 16ನೆಯ ಆಟದಲ್ಲಿ ಕ್ಯಾಸ್ಪರೋವ್ ಸಿಸಿಲಿಯನ್ ಆಡಿ, ಒಂದು ಪದಾತಿಯನ್ನು ಕೊಟ್ಟು, ತಮ್ಮ ಕುದುರೆಯನ್ನು ಬಿಳಿಯ ಪಾಳೆಯದೊಳಗೆ ಡಿ3 ಮನೆಯಲ್ಲಿ ಊರಿ ಗೆದ್ದದ್ದನ್ನು ನೋಡಿದವರಿಗೆ ಈ ಡಿಫೆನ್ಸಿನ ಮೋಹ ಹತ್ತುವುದು ಸಹಜ. ನಮ್ಮ ಮಟ್ಟದಲ್ಲಿ ನಡೆಯುವುದೇ ಬೇರೆ. ಕ್ಲಬ್ ಆಟಗಳಲ್ಲಿ ಬಿಳಿಯವರು ಡಿ4 ಆಡುವ ಬದಲು ಎರಡನೆಯ ನಡೆಯಲ್ಲೇ ಸಿ3, ಎಫ್4, ಒಂಟೆ ಸಿ4 ಮುಂತಾದ ಅಡ್ಡದಾರಿ ಹಿಡಿಯುವುದು ಸಾಮಾನ್ಯವಾದ್ದರಿಂದ, ತಿಂಗಳುಗಟ್ಟಲೆ ಓದಿದ ನೈಡಾರ್ಫ್ ಬೋರ್ಡಿನ ಮೇಲೆ ಬರುವುದೇ ಅಪರೂಪ. ಈ ಅಡ್ಡದಾರಿಗಳಿಗೆ ಉತ್ತರ ಮೂಲತತ್ವಗಳಲ್ಲೇ ಇದೆ: ಒಂಟೆ ಸಿ4ಕ್ಕೆ ಬಂದರೆ ಇ6 ಆಡಿ ಅದರ ಕರ್ಣಕ್ಕೆ ಅಡ್ಡಗೋಡೆ ಕಟ್ಟಿ ಡಿ5ಕ್ಕೆ ಸಿದ್ಧರಾಗಬೇಕು, ಸಿ3ಕ್ಕೆ ತಕ್ಷಣ ಡಿ5 ಆಡಬಹುದು, ಏಕೆಂದರೆ ಮಂತ್ರಿ ಡಿ5ರಲ್ಲಿ ಮರಳಿ ಹೊಡೆದಾಗ ಅದನ್ನು ಕೆಣಕಲು ಬಿಳಿ ಕುದುರೆಗೆ ಬೇಕಾದ ಸಿ3 ಮನೆಯನ್ನು ಅದರದೇ ಪದಾತಿ ಆಕ್ರಮಿಸಿದೆ.

ಫ್ರೆಂಚ್ ಮತ್ತು ಕಾರೋ-ಕಾನ್: ಒಂದೇ ಒಂಟೆಯ ಎರಡು ಕಥೆ

ಹೋಲಿಕೆ ಅತ್ಯಂತ ಫಲಕಾರಿಯಾಗುವುದು ಈ ಜೋಡಿಯಲ್ಲಿ. ಎರಡರ ಗುರಿಯೂ ಡಿ5. ವ್ಯತ್ಯಾಸವಿರುವುದು ಆ ಪದಾತಿಯ ಬೆನ್ನಿಗೆ ಯಾರು ನಿಲ್ಲಬೇಕು ಎಂಬುದರಲ್ಲಿ ಮಾತ್ರ. ಫ್ರೆಂಚ್‌ನಲ್ಲಿ ಇ6ರ ಪದಾತಿ ನಿಲ್ಲುತ್ತದೆ, ಸಿ8ರ ಒಂಟೆ ಅದರ ಹಿಂದೆ ಸಿಕ್ಕಿಬೀಳುತ್ತದೆ. ಕಾರೋ-ಕಾನ್‌ನಲ್ಲಿ ಸಿ6ರ ಪದಾತಿ ನಿಲ್ಲುತ್ತದೆ, ಒಂಟೆಗೆ ಎಫ್5ರ ದಾರಿ ತೆರೆದಿರುತ್ತದೆ. ಆದರೆ ಬಿ8ರ ಕುದುರೆ ತನ್ನ ಸಹಜ ಮನೆಯಾದ ಸಿ6ನ್ನು ಕಳೆದುಕೊಳ್ಳುತ್ತದೆ, ಮುಂದೆಂದಾದರೂ ಸಿ5 ಆಡಬೇಕಾಗಿ ಬಂದಾಗ ಅದೇ ಪದಾತಿ ಎರಡು ಕಂತಿನಲ್ಲಿ ಅಲ್ಲಿಗೆ ತಲುಪುವುದರಿಂದ ಒಂದು ನಡೆ ನಷ್ಟವಾಗುತ್ತದೆ.

ಈ ಸಣ್ಣ ವ್ಯತ್ಯಾಸದಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಫ್ರೆಂಚ್‌ನಲ್ಲಿ 1. ಇ4 ಇ6 2. ಡಿ4 ಡಿ5 3. ಇ5 ಆದಾಗ ಬಿಳಿಯ ಪದಾತಿಗಳು ಡಿ4 ಮತ್ತು ಇ5ರಲ್ಲಿ ಸರಪಳಿಯಾಗಿ ನಿಲ್ಲುತ್ತವೆ. ಸರಪಳಿಯನ್ನು ಕಡಿಯಬೇಕಾದದ್ದು ಬುಡದಲ್ಲಿ ಎಂಬ ಸೂತ್ರದಂತೆ ಕಪ್ಪು ಕೂಡಲೇ ಸಿ5 ಆಡುತ್ತದೆ, 4. ಸಿ3 ಕುದುರೆ ಸಿ6 5. ಕುದುರೆ ಎಫ್3 ಮಂತ್ರಿ ಬಿ6 ಎಂದು ಒಂದಾದ ಮೇಲೊಂದು ಕಾಯಿಯನ್ನು ಡಿ4ರ ಮೇಲೆ ಗುರಿಯಿಡುತ್ತದೆ. ಯೋಜನೆ ಇಷ್ಟು ಸ್ಪಷ್ಟವಾಗಿರುವ ಡಿಫೆನ್ಸ್ ಕಡಿಮೆ. ಅಪಾಯವೂ ಅಲ್ಲೇ ಅಡಗಿದೆ. 6. ಒಂಟೆ ಡಿ3 ಆದಮೇಲೆ ಸಿ ಪದಾತಿಯಿಂದ ಡಿ4ರಲ್ಲಿ ಹೊಡೆದು, ಬಿಳಿಯೂ ಸಿ ಪದಾತಿಯಿಂದ ಮರಳಿ ಹೊಡೆದಾಗ, ಡಿ4ರ ಪದಾತಿ ಪುಕ್ಕಟೆ ಸಿಕ್ಕಂತೆ ಕಾಣುತ್ತದೆ. ಕಪ್ಪು ಕುದುರೆ ಅದನ್ನು ಹೊಡೆದು, ಬಿಳಿ ಕುದುರೆ ಅದನ್ನು ಹೊಡೆದು, ಮಂತ್ರಿ ಡಿ4ರಲ್ಲಿ ಬಂದು ಕುಳಿತ ಕೂಡಲೇ ಬಿಳಿ ಒಂಟೆ ಡಿ3ರಿಂದ ಬಿ5ಕ್ಕೆ ಹಾರಿ ಚೆಕ್ ಕೊಡುತ್ತದೆ. ಒಂಟೆ ಸರಿದ ಜಾಗದಿಂದ ಡಿ1ರ ಬಿಳಿ ಮಂತ್ರಿಗೆ ಡಿ ಸಾಲು ತೆರೆದುಕೊಂಡು, ಕಪ್ಪು ಮಂತ್ರಿ ಹೋಗುತ್ತದೆ. ಆ ಪದಾತಿಯನ್ನು ಹೊಡೆಯುವ ಮುನ್ನ ಒಂಟೆಯನ್ನು ಡಿ7ಕ್ಕೆ ತಂದಿಟ್ಟರೆ ಬಿ5ರ ಚೆಕ್ ಇಲ್ಲದಾಗುತ್ತದೆ, ಆಗ ಡಿ4ರ ಮೇಲಿನ ಬೆದರಿಕೆ ನಿಜವಾಗುತ್ತದೆ. ಸಿಕ್ಕಿಬಿದ್ದ ಆ ದುರ್ಬಲ ಒಂಟೆಯೇ ಇಲ್ಲಿ ಮಂತ್ರಿಯನ್ನು ಉಳಿಸುತ್ತದೆ ಎಂಬುದು ಫ್ರೆಂಚ್ ಆಡುವವರು ಮೊದಲು ಕಲಿಯಬೇಕಾದ ಸಂಗತಿ.

ಕಾರೋ-ಕಾನ್‌ನಲ್ಲಿ ಮುಖ್ಯ ಮಾರ್ಗ 1. ಇ4 ಸಿ6 2. ಡಿ4 ಡಿ5 3. ಕುದುರೆ ಸಿ3, ನಂತರ ಇ4ರಲ್ಲಿ ಪದಾತಿ ವಿನಿಮಯ, ಬಿಳಿ ಕುದುರೆ ಇ4ಕ್ಕೆ ಬಂದಾಗ ಒಂಟೆ ಎಫ್5. ಬಿಳಿ ಕುದುರೆ ಜಿ3ಕ್ಕೆ ಸರಿದು ಒಂಟೆಯನ್ನು ಕೆಣಕಿದರೆ ಅದು ಜಿ6ಕ್ಕೆ ಹಿಂದೆಗೆಯುತ್ತದೆ. ಬಿಳಿ ಎಚ್4 ಆಡಿ ಒಂಟೆಯನ್ನು ಸೆರೆಹಿಡಿಯಲು ಹವಣಿಸಿದರೆ ಎಚ್6 ಆಡಿ ಅದಕ್ಕೊಂದು ಬಿಲ ಮಾಡಿಕೊಡಬೇಕು. ಇನ್ನು ಇ6 ಆಡಬಹುದು, ಏಕೆಂದರೆ ಒಂಟೆ ಆಗಲೇ ಸರಪಳಿಯ ಹೊರಗಿದೆ. ಕಪ್ಪಿನ ರಚನೆಯಲ್ಲಿ ದುರ್ಬಲ ಮನೆಗಳಿಲ್ಲ, ಅಂತ್ಯದಾಟಕ್ಕೆ ಹೋದಷ್ಟೂ ಒಳ್ಳೆಯದು. ಕೊರತೆ ಏನೆಂದರೆ, ಆಟ ಬಹಳ ಹೊತ್ತು ಬಿಳಿಯ ಕೈಯಲ್ಲೇ ಇರುತ್ತದೆ. ಗೆಲ್ಲಲೇಬೇಕೆಂಬ ಆಟದಲ್ಲಿ ಈ ನಿಧಾನ ಬೇಸರ ತರಿಸಬಹುದು. ಸುರಕ್ಷಿತವೆಂಬ ಹೆಸರು ಕೇಳಿ ಕಣ್ಣು ಮುಚ್ಚಿ ಆಡುವಂತೆಯೂ ಇಲ್ಲ. ನಾಲ್ಕನೆಯ ನಡೆಯಲ್ಲಿ ಒಂಟೆಯ ಬದಲು ಕುದುರೆಯನ್ನು ಡಿ7ಕ್ಕೆ ತಂದವರು, ಬಿಳಿ 5. ಮಂತ್ರಿ ಇ2 ಎಂದು ವಿಚಿತ್ರವಾಗಿ ಆಡಿದಾಗ, ಅಭ್ಯಾಸಬಲದಿಂದ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿ ಕುದುರೆ ಡಿ6ಕ್ಕೆ ಬಂದು ಅಲ್ಲೇ ಮೇಟ್. ಇ7ರ ಪದಾತಿ ಅದನ್ನು ಹೊಡೆಯಲಾರದು, ಏಕೆಂದರೆ ಇ2ರ ಮಂತ್ರಿ ಅದನ್ನು ರಾಜನ ಮುಂದೆ ಪಿನ್ ಮಾಡಿದೆ, ಅಂದರೆ ಅದು ಸರಿದರೆ ರಾಜನೇ ಏಟಿಗೆ ಸಿಗುತ್ತಾನೆ. ರಾಜನ ಸುತ್ತಲಿನ ಮನೆಗಳನ್ನೆಲ್ಲ ಅವನದೇ ಪರಿವಾರ ತುಂಬಿದೆ.

ಇವೆರಡರಲ್ಲಿ ಯಾವುದು? ಇಕ್ಕಟ್ಟಾದ ಸ್ಥಾನದಲ್ಲಿ ಹತ್ತು ಹದಿನೈದು ನಡೆ ಕಾದು ಕುಳಿತು, ಸರಿಯಾದ ಹೊತ್ತಿಗೆ ತಿರುಗಿ ಬೀಳುವ ತಾಳ್ಮೆಯೂ ಹಠವೂ ಇರುವವರಿಗೆ ಫ್ರೆಂಚ್ ಒಗ್ಗುತ್ತದೆ. 2024ರ ನವೆಂಬರಿನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ ಮೊದಲ ಆಟದಲ್ಲೇ ಡಿಂಗ್ ಲಿರೆನ್ ಕಪ್ಪು ಕಾಯಿಗಳಲ್ಲಿ ಫ್ರೆಂಚ್ ಆಡಿ ಗುಕೇಶ್ ಅವರನ್ನು ಸೋಲಿಸಿದರು. ಹಳೆಯ ಕಾಲದ ಡಿಫೆನ್ಸ್ ಎಂದು ಬದಿಗಿಡುವಂಥದ್ದು ಅದಲ್ಲ. ಆದರೆ ಕೆಲಸದ ನಡುವೆ ವಾರಕ್ಕೆರಡು ಗಂಟೆ ಮಾತ್ರ ಚೆಸ್‌ಗೆ ಸಿಗುವವರಿಗೆ, ಮಧ್ಯದಾಟದಲ್ಲಿ ಕಾಯಿಗಳಿಗೆ ದಾರಿಯಿಲ್ಲದೆ ತಬ್ಬಿಬ್ಬಾಗುವವರಿಗೆ ಕಾರೋ-ಕಾನ್ ಹೆಚ್ಚು ದಯೆ ತೋರುತ್ತದೆ. ನನ್ನ ತೂಕ ಕಾರೋ-ಕಾನ್ ಕಡೆಗೆ.

ಉಳಿದವನ್ನು ಬೇಗ ಮುಗಿಸಬಹುದು. ಸ್ಕ್ಯಾಂಡಿನೇವಿಯನ್‌ನಲ್ಲಿ, ಅಂದರೆ ತಕ್ಷಣದ ಡಿ5ರಲ್ಲಿ, ಮಂತ್ರಿ ಎರಡನೆಯ ನಡೆಗೇ ಹೊರಬಂದು ಬಿಳಿ ಕುದುರೆಯ ಏಟಿಗೆ ಎ5ಕ್ಕೋ ಡಿ6ಕ್ಕೋ ಸರಿಯಬೇಕಾಗುತ್ತದೆ. ಮಂತ್ರಿಯನ್ನು ಬೇಗ ಹೊರತರಬಾರದೆಂಬ ತತ್ವವನ್ನು ಗೊತ್ತಿದ್ದೇ ಮುರಿಯುವ ಈ ಡಿಫೆನ್ಸ್‌ನ ಲಾಭವೆಂದರೆ ಬಿಳಿಗೆ ಬೇರೆ ದಾರಿಗಳನ್ನೇ ಬಿಡುವುದಿಲ್ಲ, ಓದಬೇಕಾದದ್ದು ಕಡಿಮೆ. 1995ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಸ್ಪರೋವ್ ವಿರುದ್ಧದ ಪಂದ್ಯದ 14ನೆಯ ಆಟದಲ್ಲಿ ವಿಶ್ವನಾಥನ್ ಆನಂದ್ ಇದನ್ನೇ ಹಿಡಿದಿದ್ದರು, ಆ ಆಟ ಸೋತರು. ಪಿರ್ಕ್ ಮತ್ತು ಆಲೆಖಿನ್ ಡಿಫೆನ್ಸ್‌ಗಳು ನಡುಮನೆಗಳನ್ನು ಬಿಳಿಗೆ ಒಪ್ಪಿಸಿಬಿಡುತ್ತವೆ. ಹಾಗೆ ಒಪ್ಪಿಸಿದ್ದನ್ನು ಮರಳಿ ಪಡೆಯುವ ಕಲೆ ತಿಳಿಯುವವರೆಗೆ ಅವನ್ನು ಮುಟ್ಟದಿರುವುದೇ ಲೇಸು.

ಬಿಳಿ ಡಿ4 ಆಡಿದಾಗ

ಡಿ4 ಪದಾತಿಗೆ ಹಿಂದಿನಿಂದ ಮಂತ್ರಿಯ ಬೆಂಬಲ ಸಹಜವಾಗಿಯೇ ಇರುವುದರಿಂದ ಇಲ್ಲಿ ಮೊದಲ ಹತ್ತು ನಡೆಗಳಲ್ಲಿ ಆಟ ಸಿಡಿಯುವುದು ಕಡಿಮೆ. ಬೆಲೆಗಳು ನಿಧಾನವಾಗಿ ವಸೂಲಾಗುತ್ತವೆ. ಮುಖ್ಯ ಆಯ್ಕೆ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಸ್ಲಾವ್, ಕಿಂಗ್ಸ್ ಇಂಡಿಯನ್ ಎಂಬ ಮೂರರ ನಡುವೆ.

1. ಡಿ4 ಡಿ5 2. ಸಿ4 ಇ6 ಎಂಬ ಡಿಕ್ಲೈನ್ಡ್‌ನಲ್ಲಿ ಫ್ರೆಂಚ್‌ನಂತೆಯೇ ಸಿ8ರ ಒಂಟೆ ಒಳಗುಳಿಯುತ್ತದೆ. ಪ್ರತಿಯಾಗಿ ಡಿ5 ಬಂಡೆಯಂತೆ ನಿಲ್ಲುತ್ತದೆ, ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್ ಎಂಬ ಕ್ರಮ ಯಾವ ಗೊಂದಲವಿಲ್ಲದೆ ಸಾಗುತ್ತದೆ. ಇದು ನೀರಸವೆಂದು ದೂರುವವರು 2010ರ ಸೋಫಿಯಾ ಪಂದ್ಯವನ್ನು ನೋಡಬೇಕು. ವೆಸೆಲಿನ್ ಟೊಪಲೋವ್ ವಿರುದ್ಧ ಅಂಕಗಳು ಸಮವಾಗಿದ್ದಾಗ, ಕೊನೆಯ 12ನೆಯ ಆಟಕ್ಕೆ ಕಪ್ಪು ಕಾಯಿ ಹಿಡಿದ ಆನಂದ್ ಆರಿಸಿಕೊಂಡದ್ದು ಇದೇ ಡಿಫೆನ್ಸಿನ ಲಾಸ್ಕರ್ ಮಾರ್ಗವನ್ನು. ಕುದುರೆಯನ್ನು ಇ4ಕ್ಕೆ ತಂದು ಕಾಯಿಗಳನ್ನು ವಿನಿಮಯ ಮಾಡಿಕೊಂಡು ಇಕ್ಕಟ್ಟು ಕಳೆಯುವ, ದಶಕಗಳಷ್ಟು ಹಳೆಯದಾದ, ಯಾರಿಗೂ ಹೊಸತಲ್ಲದ ಉಪಾಯ ಅದು. ಆ ಆಟವನ್ನು ಗೆದ್ದು ಅವರು ಪಟ್ಟ ಉಳಿಸಿಕೊಂಡರು. ಇಕ್ಕಟ್ಟಾದ ಪಕ್ಷಕ್ಕೆ ಕಾಯಿ ವಿನಿಮಯ ಹಿತಕರ ಎಂಬ ತತ್ವ ಇಲ್ಲಿ ಸೊಗಸಾಗಿ ಕಾಣುತ್ತದೆ. ಡಿಕ್ಲೈನ್ಡ್‌ನಲ್ಲಿ ಕಪ್ಪಿಗೆ ಒಂದು ಸಿಹಿಯಾದ ಬಲೆಯೂ ಇದೆ: 3. ಕುದುರೆ ಸಿ3 ಕುದುರೆ ಎಫ್6 4. ಒಂಟೆ ಜಿ5 ಆದಾಗ ಇನ್ನೊಂದು ಕುದುರೆಯನ್ನು ಡಿ7ಕ್ಕೆ ತಂದರೆ, ಡಿ5ರಲ್ಲಿ ಪದಾತಿ ವಿನಿಮಯವಾದ ಮೇಲೆ ಡಿ5ರ ಪದಾತಿ ಅನಾಥವೆಂದು ತಿಳಿದು ಬಿಳಿ ಕುದುರೆ ಅದನ್ನು ಹೊಡೆಯುವುದುಂಟು. ಎಫ್6ರ ಕುದುರೆ ಪಿನ್ ಆಗಿದೆ ಎಂಬುದು ಬಿಳಿಯ ಭ್ರಮೆ. ಕಪ್ಪು ಅದರಿಂದಲೇ ಡಿ5ರಲ್ಲಿ ಹೊಡೆಯುತ್ತದೆ, ಬಿಳಿ ಒಂಟೆ ಡಿ8ರ ಮಂತ್ರಿಯನ್ನು ಹೊಡೆದಾಗ ಕಪ್ಪು ಒಂಟೆ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ. ಬಿಳಿಗೆ ತನ್ನ ಮಂತ್ರಿಯನ್ನು ಅಡ್ಡ ತಂದು ಕಳೆದುಕೊಳ್ಳದೆ ಗತಿಯಿಲ್ಲ, ಲೆಕ್ಕ ಮುಗಿದಾಗ ಕಪ್ಪಿಗೆ ಒಂದು ಕಾಯಿ ಹೆಚ್ಚು.

ಸ್ಲಾವ್‌ನಲ್ಲಿ ಇ6ರ ಬದಲು ಸಿ6. ಕಾರೋ-ಕಾನ್ ಓದಿದವರಿಗೆ ತರ್ಕ ಪರಿಚಿತವೇ: ಡಿ5ಕ್ಕೆ ಬೆಂಬಲ, ಒಂಟೆಗೆ ದಾರಿ. ಆದರೆ ಈ ಪರಿಚಯವನ್ನು ಅತಿಯಾಗಿ ನಂಬಬಾರದು. 3. ಕುದುರೆ ಎಫ್3 ಕುದುರೆ ಎಫ್6 4. ಕುದುರೆ ಸಿ3 ಆದಾಗ ಕಾರೋ-ಕಾನ್ ಅಭ್ಯಾಸದಿಂದ ಒಂಟೆಯನ್ನು ಎಫ್5ಕ್ಕೆ ತಂದುಬಿಟ್ಟರೆ, ಬಿಳಿ ಡಿ5ರಲ್ಲಿ ಪದಾತಿ ವಿನಿಮಯ ಮಾಡಿ ಮಂತ್ರಿಯನ್ನು ಬಿ3ಕ್ಕೆ ತರುತ್ತದೆ. ಒಂಟೆ ಹೊರಟುಹೋದ್ದರಿಂದ ಬಿ7ರ ಪದಾತಿಗೆ ಕಾವಲಿಲ್ಲ, ಕಪ್ಪು ಅಲ್ಲಿಂದಲೇ ಪರದಾಡಬೇಕಾಗುತ್ತದೆ. ಅದಕ್ಕಾಗಿ ಮೊದಲು ಡಿ ಪದಾತಿಯಿಂದ ಸಿ4ರಲ್ಲಿ ಹೊಡೆದು, ಬಿಳಿ ಎ4 ಆಡಿ ಆ ಪದಾತಿಯನ್ನು ಮರಳಿ ಪಡೆಯುವ ಏರ್ಪಾಟಿನಲ್ಲಿರುವಾಗ ಒಂಟೆ ಎಫ್5 ಆಡಬೇಕು. ಸಿ6 ಮತ್ತು ಇ6 ಎರಡನ್ನೂ ಆಡುವ ಸೆಮಿ-ಸ್ಲಾವ್ ಇನ್ನಷ್ಟು ಚೂಪಾದದ್ದು. 2008ರಲ್ಲಿ ಬಾನ್ ನಗರದಲ್ಲಿ ಆನಂದ್ ಅದರ ಮೆರಾನ್ ಮಾರ್ಗವನ್ನು ಹಿಡಿದು ಕ್ರಾಮ್ನಿಕ್ ವಿರುದ್ಧ ಮೂರನೆಯ ಮತ್ತು ಐದನೆಯ ಆಟಗಳನ್ನು, ಎರಡನ್ನೂ ಕಪ್ಪು ಕಾಯಿಯಲ್ಲೇ, ಗೆದ್ದರು. ಮನೆಯಲ್ಲಿ ಮಾಡಿದ ಆಳವಾದ ತಯಾರಿಯ ಗೆಲುವು ಅದು. ತಯಾರಿಯಿಲ್ಲದೆ ಅದೇ ಮಾರ್ಗಕ್ಕೆ ಇಳಿಯುವವರಿಗೆ ಅದೇ ಚೂಪು ತಿರುಗಿ ತಗಲುತ್ತದೆ.

ಕಿಂಗ್ಸ್ ಇಂಡಿಯನ್ ಎಂಬ ಹೆಸರಿನಲ್ಲಿರುವ ಇಂಡಿಯಾ ಸುಮ್ಮನೆ ಬಂದದ್ದಲ್ಲ. 1850ರ ದಶಕದಲ್ಲಿ ಕೋಲ್ಕತ್ತಾದಲ್ಲಿ ಸ್ಕಾಟ್ಲೆಂಡ್ ಮೂಲದ ಜಾನ್ ಕಾಕ್ರೇನ್ ವಿರುದ್ಧ ಮಹೇಶಚಂದ್ರ ಬ್ಯಾನರ್ಜಿ ಆಡಿದ ಆಟಗಳಲ್ಲಿ, ಜಿ6 ಆಡಿ ಒಂಟೆಯನ್ನು ಜಿ7ರಲ್ಲಿ ಕೂರಿಸುವ ರಚನೆ ಮತ್ತೆ ಮತ್ತೆ ಕಾಣುತ್ತದೆ. ದೇಶೀ ಚದುರಂಗದಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ; ಅಂಥ ಆಟದಲ್ಲಿ ಪಳಗಿದವರಿಗೆ ಪದಾತಿಗಳನ್ನು ಒಂದೊಂದೇ ಮನೆ ಸರಿಸಿ ಒಂಟೆಯನ್ನು ಮೂಲೆಯ ಕರ್ಣದಲ್ಲಿ ನಿಲ್ಲಿಸುವುದು ಸಹಜವೇ ಆಗಿರಬೇಕು. ಯುರೋಪಿನ ಪಂಡಿತರು ಇದನ್ನು ಗಂಭೀರವಾಗಿ ಪರಿಗಣಿಸಿದ್ದು ಬಹಳ ತಡವಾಗಿ. ಈ ಡಿಫೆನ್ಸ್ ಕೇಳುವ ಬೆಲೆ ಜಾಗ. ಬಿಳಿಗೆ ಸಿ4, ಡಿ4, ಇ4 ಮೂರನ್ನೂ ಬಿಟ್ಟುಕೊಟ್ಟು, ಕ್ಯಾಸ್ಲಿಂಗ್ ಮುಗಿಸಿ, ಅನಂತರ ಇ5 ಆಡಲಾಗುತ್ತದೆ. ಬಿಳಿ ಡಿ5ಕ್ಕೆ ಮುನ್ನುಗ್ಗಿ ನಡುವನ್ನು ಮುಚ್ಚಿದರೆ ಕಪ್ಪಿನ ಸರಪಳಿ ಸಿ7, ಡಿ6, ಇ5 ಎಂದು ರಾಜನ ಬದಿಗೆ ಮುಖ ಮಾಡಿರುತ್ತದೆ. ಆದ್ದರಿಂದ ಕಪ್ಪು ಎಫ್5 ಆಡಿ ಆ ಬದಿಯಲ್ಲಿ ನುಗ್ಗುತ್ತದೆ, ಬಿಳಿ ಸಿ5 ಆಡಿ ಇನ್ನೊಂದು ಬದಿಯನ್ನು ಒಡೆಯುತ್ತದೆ. ಯಾರು ಮೊದಲು ತಲುಪುತ್ತಾರೆ ಎಂಬುದಷ್ಟೇ ಪ್ರಶ್ನೆ. ಬಿಳಿಯ ದಾಳಿ ಗೆದ್ದರೆ ಅದಕ್ಕೊಂದು ಪದಾತಿ ಸಿಗಬಹುದು, ಕಪ್ಪಿನ ದಾಳಿ ಗೆದ್ದರೆ ರಾಜನೇ ಸಿಗುತ್ತಾನೆ ಎಂಬ ಕಾರಣಕ್ಕೆ ಕ್ಲಬ್ ಮಟ್ಟದಲ್ಲಿ ಇದು ಕಪ್ಪಿಗೆ ಒಳ್ಳೆಯ ಗೆಲುವು ತಂದುಕೊಡುತ್ತದೆ. ಆದರೂ ದಾಳಿ ನಿಂತುಹೋದ ದಿನ ಉಳಿಯುವುದು ಇಕ್ಕಟ್ಟು ಮಾತ್ರ. ನಿಮ್ಜೋ-ಇಂಡಿಯನ್ ತಾತ್ವಿಕವಾಗಿ ಬಹುಶಃ ಎಲ್ಲಕ್ಕಿಂತ ಉತ್ತಮ. ಆದರೆ ಕುದುರೆಗಾಗಿ ಒಂಟೆಯನ್ನು ಯಾವಾಗ ಕೊಡಬೇಕೆಂಬ ಸೂಕ್ಷ್ಮ ವಿವೇಚನೆಯನ್ನು ಅದು ಬೇಡುವುದರಿಂದ ಎರಡನೆಯ ಹಂತಕ್ಕೆ ಇಟ್ಟುಕೊಳ್ಳುವುದು ವಾಸಿ.

ಇಷ್ಟೆಲ್ಲ ಓದಿದ ಮೇಲೆ ಬೋರ್ಡಿನ ಮುಂದೆ ಕುಳಿತರೆ ಎದುರಿಗೆ ಬರುವುದು ಬಹುಪಾಲು ಲಂಡನ್ ಸಿಸ್ಟಮ್: ಡಿ4, ನಂತರ ಒಂಟೆ ಎಫ್4, ಇ3, ಸಿ3, ಯಾವ ಕಪ್ಪು ನಡೆಗೂ ಅದೇ ಉತ್ತರ. ಅದಕ್ಕೆ ಹೆದರಬೇಕಾಗಿಲ್ಲ. ಬಿಳಿಯ ಒಂಟೆ ಎಫ್4ಕ್ಕೆ ಹೋದಾಗ ಬಿ2ರ ಪದಾತಿ ಕಾವಲು ಕಳೆದುಕೊಂಡಿದೆ ಎಂಬುದನ್ನು ನೆನಪಿಟ್ಟುಕೊಂಡು ಡಿ5, ಸಿ5, ಕುದುರೆ ಸಿ6, ಮಂತ್ರಿ ಬಿ6 ಎಂದು ಆಡಿದರೆ ಬಿಳಿಯೇ ಯೋಚಿಸಬೇಕಾಗುತ್ತದೆ.

ಜೋಡಿ ಕೂಡಿಸುವುದು

ಇ4ಕ್ಕೆ ಒಂದು, ಡಿ4ಕ್ಕೆ ಒಂದು ಎಂದು ಬಿಡಿಬಿಡಿಯಾಗಿ ಆರಿಸುವುದಕ್ಕಿಂತ ಪದಾತಿಗಳ ರಚನೆ ಹೋಲುವಂತೆ ಎರಡನ್ನು ಕೂಡಿಸಿದರೆ ಕಲಿತದ್ದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಕಾರೋ-ಕಾನ್ ಮತ್ತು ಸ್ಲಾವ್ ಸಹಜ ಜೋಡಿ. ಎಫ್5ರ ಒಂಟೆ, ಇ6 ಮತ್ತು ಸಿ6ರ ಪದಾತಿಗಳು, ನಿಧಾನವಾಗಿ ಸಿ5ಕ್ಕೆ ಸಿದ್ಧತೆ, ಎಲ್ಲವೂ ಎರಡರಲ್ಲೂ ಬರುತ್ತವೆ. ಫ್ರೆಂಚ್ ಮತ್ತು ಡಿಕ್ಲೈನ್ಡ್ ಇನ್ನೊಂದು ಜೋಡಿ. ಸಿಕ್ಕಿಬಿದ್ದ ಒಂಟೆಯನ್ನು ನಿಭಾಯಿಸುವ ವಿದ್ಯೆ ಒಮ್ಮೆ ಕೈಗೆ ಬಂದರೆ ಎರಡೂ ಕಡೆ ಸಲ್ಲುತ್ತದೆ. ಮಕ್ಕಳಿಗೆ ಮತ್ತು ಹೊಸಬರಿಗೆ ಇ5 ಮತ್ತು ಡಿಕ್ಲೈನ್ಡ್ ಜೋಡಿಯನ್ನೇ ಹೇಳುತ್ತೇನೆ. ಇಲ್ಲಿ ಎರಡು ಡಿಫೆನ್ಸ್‌ಗಳೂ ನಡುಮನೆಯನ್ನು ನೇರವಾಗಿ ಹಿಡಿಯುವುದರಿಂದ, ಬರುವ ಸ್ಥಾನಗಳಲ್ಲಿ ಮೂಲತತ್ವಗಳು ಬರಿಗಣ್ಣಿಗೆ ಕಾಣುತ್ತವೆ, ನೆನಪಿಗೆ ಬಾರದ ನಡೆಯನ್ನು ಯೋಚಿಸಿಯೇ ಹುಡುಕಬಹುದು. ಸಿಸಿಲಿಯನ್ ಮತ್ತು ಕಿಂಗ್ಸ್ ಇಂಡಿಯನ್ ಒಟ್ಟಿಗೆ ಹಿಡಿಯುವವರು ತಮ್ಮ ವಾರದ ಸಮಯವೆಷ್ಟೆಂದು ಮೊದಲು ಲೆಕ್ಕ ಹಾಕಲಿ. ಎರಡಕ್ಕೂ ನಡೆಗಳ ನೆನಪು ಬೇಕು, ನೆನಪಿಗೆ ನಿರಂತರ ಅಭ್ಯಾಸ ಬೇಕು, ಅಷ್ಟು ಹೊತ್ತು ಓಪನಿಂಗ್‌ಗೇ ಹೋದರೆ ಅಂತ್ಯದಾಟ ಮತ್ತು ತಂತ್ರಗಳ ಅಭ್ಯಾಸಕ್ಕೆ ಏನೂ ಉಳಿಯುವುದಿಲ್ಲ.

ಸಿ4, ಕುದುರೆ ಎಫ್3 ಮುಂತಾದ ಪಕ್ಕದ ಆರಂಭಗಳಿಗೆ ಪ್ರತ್ಯೇಕ ತಯಾರಿ ಬೇಕಿಲ್ಲ. ಸ್ಲಾವ್ ಆಡುವವರು ಸಿ6 ಮತ್ತು ಡಿ5, ಡಿಕ್ಲೈನ್ಡ್ ಆಡುವವರು ಇ6 ಮತ್ತು ಡಿ5 ಎಂದು ತಮ್ಮ ರಚನೆಗೇ ಹೋಗಬಹುದು. ಬಿಳಿ ನಡುಮನೆಗೆ ಆತುರ ತೋರದಿದ್ದರೆ ಕಪ್ಪೇ ಅದನ್ನು ಆಕ್ರಮಿಸಬಹುದು. ಸಿಂಗಪುರದ 14ನೆಯ ಆಟದಲ್ಲಿ ಡಿಂಗ್ ಕುದುರೆ ಎಫ್3ರಿಂದ ಆರಂಭಿಸಿದಾಗ ಗುಕೇಶ್ ಮಾಡಿದ್ದು ಅದನ್ನೇ, ಡಿ5 ಮತ್ತು ಸಿ5 ಎರಡನ್ನೂ ಮೊದಲೆರಡು ನಡೆಗಳಲ್ಲೇ ಹಿಡಿದರು.

ಡಿಫೆನ್ಸ್ ಬದಲಿಸುವ ಯೋಚನೆ ಬಂದಾಗ ಸೋತ ಆಟಗಳನ್ನು ಹನ್ನೆರಡನೆಯ ನಡೆಯ ಹತ್ತಿರ ನಿಲ್ಲಿಸಿ ನೋಡಬೇಕು. ರಾಜ ಕ್ಯಾಸ್ಲಿಂಗ್ ಮಾಡಿದ್ದಾನೆಯೇ, ಸಿ8ರ ಒಂಟೆಗೆ ಕೆಲಸವಿದೆಯೇ, ಸಿ5 ಅಥವಾ ಇ5ರಂಥ ಬಿಡುಗಡೆಯ ನಡೆ ಆಗಿದೆಯೇ ಅಥವಾ ಇನ್ನೂ ಸಾಧ್ಯವಿದೆಯೇ? ಇವುಗಳಿಗೆಲ್ಲ ಹೌದು ಎಂಬ ಉತ್ತರವಿದ್ದು ಆಟ ಇಪ್ಪತ್ತೈದನೆಯ ನಡೆಯಲ್ಲಿ ಒಂದು ಕುದುರೆಯನ್ನು ಸುಮ್ಮನೆ ಕಳೆದುಕೊಂಡು ಸೋತಿದ್ದರೆ ಡಿಫೆನ್ಸ್ ನಿರ್ದೋಷಿ. ಬೇಕಾಗಿರುವುದು ತಂತ್ರಗಳ ಅಭ್ಯಾಸ. ಬದಲಿಗೆ ಅದೇ ಒಂಟೆ ಆಟದಿಂದ ಆಟಕ್ಕೆ ಮನೆಯಲ್ಲೇ ಉಳಿಯುತ್ತಿದ್ದರೆ, ಬಿಡುಗಡೆಯ ನಡೆಗೆ ಅವಕಾಶವೇ ಸಿಗುತ್ತಿಲ್ಲವಾದರೆ, ಆ ಡಿಫೆನ್ಸ್ ಕೇಳುವ ಬೆಲೆ ಕೈಗೆ ಮೀರಿದೆ ಎಂದು ತಿಳಿಯಬಹುದು. ಆಗ ಫ್ರೆಂಚ್‌ನಿಂದ ಕಾರೋ-ಕಾನ್‌ಗೆ, ಡಿಕ್ಲೈನ್ಡ್‌ನಿಂದ ಸ್ಲಾವ್‌ಗೆ ಸರಿಯುವುದು ಅತಿ ಕಡಿಮೆ ಖರ್ಚಿನ ಬದಲಾವಣೆ: ಡಿ5ರ ಸುತ್ತ ಕಲಿತದ್ದೆಲ್ಲ ಹಾಗೆಯೇ ಉಳಿಯುತ್ತದೆ, ಹೊಸದಾಗಿ ಕಲಿಯಬೇಕಾದದ್ದು ಒಂಟೆ ಹೊರಬಂದ ಮೇಲೆ ಬಿ7 ಪದಾತಿಯನ್ನು ಕಾಯುವುದನ್ನು.